ಮಣ್ಣಿನ ಸಾಕ್ಷ್ಯ: ನೇಬ್ರಾದ ಕಂಚಿನ ಫಲಕವನ್ನು ಗುರುತಿಸಿದ ಬಗೆ

ಪ್ರಾಚೀನ ಲೋಹವಸ್ತುವೊಂದು ನೆಲದಿಂದ ಹೊರಬಂದಾಗ ನೋಡಿದವರ ಮನಸ್ಸಿನಲ್ಲಿ ಸಹಜವಾಗಿ ಮೂರು ಪ್ರಶ್ನೆಗಳು ಏಳುತ್ತವೆ. ಇದು ಏನು? ಯಾವ ಕಾಲದ್ದು? ಇದರ ಬೆಲೆ ಎಷ್ಟು? ಪೇಟೆಯಲ್ಲಿ ಬಾಳಿದ ನಮ್ಮಂಥವರಿಗೆ ಮೂರನೆಯ ಪ್ರಶ್ನೆಯೇ ಮೊದಲು ಹೊಳೆಯುವುದುಂಟು. ಆದರೆ ಇತಿಹಾಸದ ದೃಷ್ಟಿಯಿಂದ ಈ ಮೂರಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ. ಈ ವಸ್ತು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಯಲ್ಲಿ ದೊರೆಯಿತು ಎಂಬುದೇ ಆ ಪ್ರಶ್ನೆ. ಇದಕ್ಕೆ ಉತ್ತರವಿಲ್ಲದಿದ್ದರೆ ಉಳಿದವುಗಳ ಉತ್ತರವೂ ಅರೆಬರೆಯಾಗುತ್ತದೆ.

ಲೆಕ್ಕಪತ್ರದ ವ್ಯವಹಾರ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಖಾತೆಯಲ್ಲಿ ಬರೆದ ಮೊತ್ತ ಎಷ್ಟೇ ಸರಿಯಾಗಿದ್ದರೂ ಅದಕ್ಕೆ ಆಧಾರವಾದ ವೋಚರು ಇಲ್ಲದಿದ್ದರೆ ಪರಿಶೋಧಕನು ಅದನ್ನು ಒಪ್ಪುವುದಿಲ್ಲ. ಹಳೆಯ ವಸ್ತುವಿಗೆ ಅದು ಹುದುಗಿದ್ದ ಮಣ್ಣೇ ವೋಚರು. ಈ ಮಾತಿನ ಸತ್ಯವನ್ನು ಜರ್ಮನಿಯ ನೇಬ್ರಾ ಎಂಬ ಊರಿನ ಬಳಿ ದೊರೆತ ಕಂಚಿನ ಫಲಕದ ವೃತ್ತಾಂತದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ವಿರಳ. ಧರ್ಮ, ವ್ಯವಹಾರ ಮತ್ತು ಇತಿಹಾಸ ಈ ಮೂರೂ ಅಲ್ಲಿ ಒಂದೆಡೆ ಕೂಡಿವೆ. ಆದುದರಿಂದ ಅದನ್ನು ನಮ್ಮ ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬಯಸುತ್ತೇನೆ.

ದೊರೆತ ಬಗೆ

ಜರ್ಮನಿಯ ಸ್ಯಾಕ್ಸನಿ-ಆನ್‌ಹಾಲ್ಟ್ ಪ್ರಾಂತದಲ್ಲಿ ನೇಬ್ರಾ ಒಂದು ಸಣ್ಣ ಊರು. ಅದರ ಸಮೀಪದ ಕಾಡಿನಲ್ಲಿ ಸುಮಾರು 252 ಮೀಟರು ಎತ್ತರದ ಮಿಟ್ಟೆಲ್‌ಬೆರ್ಗ್ ಎಂಬ ಗುಡ್ಡವಿದೆ. 1999ರ ಜುಲೈ 4ರಂದು ಇಬ್ಬರು ವ್ಯಕ್ತಿಗಳು ಲೋಹಶೋಧಕ ಯಂತ್ರವನ್ನು ಹಿಡಿದು ಆ ಗುಡ್ಡದ ಮೇಲೆ ಹುಡುಕುತ್ತಿದ್ದರು. ಹಳೆಯ ಕಾಲದ ಲೋಹವಸ್ತುಗಳನ್ನು ಹೀಗೆ ನೆಲದಡಿಯಿಂದ ಹುಡುಕಿ ತೆಗೆಯುವುದು ಯುರೋಪು, ಅಮೆರಿಕಗಳಲ್ಲಿ ಹಲವರ ಹವ್ಯಾಸ. ಕೆಲವರಿಗೆ ಅದೇ ಕಸುಬು. ಆದರೆ ಆ ಪ್ರಾಂತದಲ್ಲಿ ಅನುಮತಿಯಿಲ್ಲದೆ ಹಾಗೆ ಹುಡುಕುವುದು ಅಪರಾಧ. ನೆಲದಡಿಯಲ್ಲಿ ಸಿಗುವ ಮಹತ್ವದ ಪುರಾವಸ್ತು ಸಿಕ್ಕ ಕ್ಷಣದಿಂದಲೇ ಸರ್ಕಾರದ ಸ್ವತ್ತಾಗುತ್ತದೆ ಎಂಬುದೂ ಅಲ್ಲಿನ ಕಾನೂನು.

ಯಂತ್ರ ಸದ್ದು ಮಾಡಿದ ಜಾಗದಲ್ಲಿ ಅವರು ಅವಸರದಿಂದ ಅಗೆದರು. ಮಣ್ಣು ಮತ್ತು ಕಿಲುಬುಗಳಿಂದ ಮುಚ್ಚಿದ, ದೊಡ್ಡ ಪಾತ್ರೆಯ ಮುಚ್ಚಳದಷ್ಟು ಅಗಲವಾದ ಒಂದು ಲೋಹದ ತಟ್ಟೆ ಹೊರಬಂದಿತು. ಅದರ ಜೊತೆಯಲ್ಲೇ ಎರಡು ಕಂಚಿನ ಖಡ್ಗಗಳು, ಎರಡು ಕೊಡಲಿಗಳು, ಒಂದು ಉಳಿ, ಸುರುಳಿಯಾಕಾರದ ತೋಳ್ಬಳೆಗಳ ತುಂಡುಗಳು ಇದ್ದವು. ಅಗೆಯುವ ಆಯುಧದ ಪೆಟ್ಟು ತಟ್ಟೆಯ ಅಂಚಿಗೆ ಬಿದ್ದು ಗಾಯವಾಯಿತು. ಅದರ ಮೇಲಿದ್ದ ಚಿನ್ನದ ಚುಕ್ಕೆಯೊಂದು ಕಿತ್ತುಹೋಯಿತು. ನಡುವಿನ ದೊಡ್ಡ ಚಿನ್ನದ ಬಿಂಬಕ್ಕೂ ಹಾನಿ ತಟ್ಟಿತು. ಇಷ್ಟು ಹಾನಿ ಕಣ್ಣಿಗೆ ಕಾಣುವಂಥದು. ಕಣ್ಣಿಗೆ ಕಾಣದ ಹಾನಿ ಇದಕ್ಕಿಂತ ದೊಡ್ಡದು: ಯಾವ ವಸ್ತು ಯಾವುದರ ಮೇಲಿತ್ತು, ಯಾವ ಪದರದಲ್ಲಿತ್ತು ಎಂಬ ದಾಖಲೆ ಆ ಕೆಲವೇ ನಿಮಿಷಗಳಲ್ಲಿ ಎಂದೆಂದಿಗೂ ಅಳಿದುಹೋಯಿತು.

ಕೈಯಿಂದ ಕೈಗೆ

ಮರುದಿನವೇ ಆ ಎಲ್ಲ ವಸ್ತುಗಳು ಕಲೋನ್ ನಗರದ ವ್ಯಾಪಾರಿಯೊಬ್ಬನಿಗೆ ಸುಮಾರು 31,000 ಮಾರ್ಕುಗಳಿಗೆ ಮಾರಾಟವಾದವು. ಮಾರ್ಕ್ ಎಂಬುದು ಅಂದಿನ ಜರ್ಮನಿಯ ನಾಣ್ಯ. ಅಲ್ಲಿಂದ ಮುಂದೆ ಎರಡೂವರೆ ವರ್ಷಗಳ ಕಾಲ ಈ ವಸ್ತುಗಳು ಕಳ್ಳಸಂತೆಯಲ್ಲಿ ಕೈಯಿಂದ ಕೈಗೆ ದಾಟಿದವು. ತಜ್ಞರಲ್ಲದವರು ಒರಟಾಗಿ ಉಜ್ಜಿದ್ದರಿಂದ ಫಲಕದ ಮೇಲ್ಮೈಯಲ್ಲಿ ಗೀರುಗಳು ಮೂಡಿದವು. ಬರ್ಲಿನ್ ಮತ್ತು ಮ್ಯೂನಿಕ್ ನಗರಗಳ ವಸ್ತುಸಂಗ್ರಹಾಲಯಗಳಿಗೂ ಇದನ್ನು ಕೊಳ್ಳುವ ಅವಕಾಶ ಬಂದಿತ್ತು. ಇದು ಸರ್ಕಾರದ ಸ್ವತ್ತು ಎಂದು ತಿಳಿದೊಡನೆ ಅವು ಕೊಳ್ಳಲಿಲ್ಲ. ಹಣವಿದ್ದೂ, ಆಸೆಯಿದ್ದೂ ಕೈ ಹಿಂತೆಗೆದ ಈ ನಡೆಯನ್ನು ನಾವು ಗಮನಿಸಬೇಕು. ಕೊಳ್ಳುವವರು ಹಿಂದೆ ಸರಿದಲ್ಲಿ ಕದ್ದ ಮಾಲು ಕೈಯಲ್ಲೇ ಉಳಿಯುತ್ತದೆ.

2001ರಲ್ಲಿ ಸ್ಯಾಕ್ಸನಿ-ಆನ್‌ಹಾಲ್ಟ್ ಪ್ರಾಂತದ ಪುರಾತತ್ತ್ವಾಧಿಕಾರಿಯಾಗಿ ಹರಾಲ್ಡ್ ಮೆಲ್ಲರ್ ಎಂಬ ವಿದ್ವಾಂಸರು ನೇಮಕಗೊಂಡರು. ಫಲಕದ ಸುದ್ದಿ ಅವರ ಕಿವಿಗೆ ಬಿದ್ದಿತು. ಆಗ ಅದರ ಬೆಲೆಯನ್ನು 700,000 ಮಾರ್ಕುಗಳೆಂದು ಹೇಳಲಾಗುತ್ತಿತ್ತು. ಪೊಲೀಸರ ಸಹಕಾರದಿಂದ ಮೆಲ್ಲರ್ ಅವರು ಕೊಳ್ಳುವವರಂತೆ ನಟಿಸಿ 2002ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹೋಟೆಲೊಂದರಲ್ಲಿ ಮಾರುವವರನ್ನು ಭೇಟಿಯಾದರು. ಅಲ್ಲಿ ಸ್ವಿಸ್ ಪೊಲೀಸರು ಮಾರಾಟಗಾರರನ್ನು ಬಂಧಿಸಿ ಫಲಕವನ್ನು ವಶಪಡಿಸಿಕೊಂಡರು. ಅಗೆದವರೂ ತರುವಾಯ ಪತ್ತೆಯಾಗಿ ಸ್ಥಳವನ್ನು ತೋರಿಸಿದರು. 2003ರಲ್ಲಿ ನೌಮ್‌ಬುರ್ಗ್ ನಗರದ ನ್ಯಾಯಾಲಯ ಅವರಿಗೆ ಕೆಲವು ತಿಂಗಳ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದಾಗ ಶಿಕ್ಷೆ ಕಡಿಮೆಯಾಗುವ ಬದಲು ಹೆಚ್ಚಾಯಿತು.

ವಸ್ತುವೇ ನುಡಿದ ಸಾಕ್ಷ್ಯ

ಹೀಗೆ ಮರಳಿ ಬಂದ ಫಲಕ ಏನು? ಅದರ ವ್ಯಾಸ ಸುಮಾರು 32 ಸೆಂಟಿಮೀಟರು, ತೂಕ ಸುಮಾರು 2 ಕಿಲೋ. ನಡುವೆ ದಪ್ಪನಾಗಿ ಅಂಚಿನ ಕಡೆಗೆ ತೆಳುವಾಗುತ್ತದೆ. ತಾಮ್ರಕ್ಕೆ ಕೊಂಚವೇ ತವರ ಬೆರೆಸಿದ ಕಂಚು ಅದು. ಈ ತಟ್ಟೆಯನ್ನು ಎರಕ ಹೊಯ್ದು ಹಾಗೆಯೇ ಬಿಟ್ಟದ್ದಲ್ಲ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿ ಬಡಿಯುವ ಕ್ರಿಯೆಯನ್ನು ಸುಮಾರು 10 ಬಾರಿ ನಡೆಸಿ ಇದನ್ನು ಅಗಲಗೊಳಿಸಿದ್ದಾರೆಂದು 2024ರಲ್ಲಿ ಪ್ರಕಟವಾದ ಲೋಹಪರೀಕ್ಷೆ ತೋರಿಸಿದೆ. ನಮ್ಮ ಕಂಚುಗಾರರಿಗೆ ಈ ಕೆಲಸದ ಕಷ್ಟವನ್ನು ವಿವರಿಸಬೇಕಾಗಿಲ್ಲ. ತಟ್ಟೆಯ ಮೇಲೆ ಗೀಟುಗಳನ್ನು ಕೊರೆದು, ಚಿನ್ನದ ತಗಡಿನ ಅಂಚುಗಳನ್ನು ಆ ಗೀಟಿನೊಳಗೆ ಅದುಮಿ ಚಿತ್ರಗಳನ್ನು ಕೂರಿಸಲಾಗಿದೆ.

ಚಿತ್ರಗಳೇನು? ಸೂರ್ಯನೋ ಪೂರ್ಣಚಂದ್ರನೋ ಆಗಿರಬಹುದಾದ ಒಂದು ದೊಡ್ಡ ಬಿಂಬ, ಒಂದು ಬಾಲಚಂದ್ರ, ಸುತ್ತಲೂ ಚುಕ್ಕೆಗಳಂತಹ ನಕ್ಷತ್ರಗಳು. ಮೊದಲು 32 ನಕ್ಷತ್ರಗಳಿದ್ದವು. ಅವುಗಳಲ್ಲಿ ಏಳು ಮಾತ್ರ ಒಂದೆಡೆ ಗುಂಪಾಗಿವೆ. ಉಳಿದವು ಯಾವುದೇ ನಕ್ಷತ್ರಪುಂಜವನ್ನು ಸೂಚಿಸದಂತೆ ಚದುರಿವೆ. ಆ ಏಳರ ಗುಂಪನ್ನು ವಿದ್ವಾಂಸರು ಕೃತ್ತಿಕೆ ಎಂದು ಗುರುತಿಸಿದ್ದಾರೆ.

ಮುಂದೆ ಯಾರೋ ಫಲಕದ ಎರಡು ಅಂಚುಗಳಲ್ಲಿ ಚಿನ್ನದ ಎರಡು ಕಮಾನುಗಳನ್ನು ಸೇರಿಸಿದರು. ಹಾಗೆ ಸೇರಿಸುವಾಗ ಎರಡು ನಕ್ಷತ್ರಗಳು ಮುಚ್ಚಿಹೋದವು, ಒಂದನ್ನು ಪಕ್ಕಕ್ಕೆ ಸರಿಸಲಾಯಿತು. ಒಂದೊಂದು ಕಮಾನೂ 82 ಡಿಗ್ರಿಗಳಷ್ಟು ವ್ಯಾಪಿಸಿದೆ. ಈ ಅಂಕೆಯ ಅರ್ಥವನ್ನು ಬಿಡಿಸಿದವರು ಖಗೋಳಶಾಸ್ತ್ರಜ್ಞ ವೋಲ್ಫ್‌ಹಾರ್ಡ್ ಶ್ಲೋಸರ್ ಅವರು. ವರ್ಷದ ಅತ್ಯಂತ ದೀರ್ಘ ಹಗಲಿನಿಂದ ಅತ್ಯಂತ ಹ್ರಸ್ವ ಹಗಲಿನವರೆಗೆ ಸೂರ್ಯ ಹುಟ್ಟುವ ಸ್ಥಾನ ದಿಗಂತದಲ್ಲಿ ಸರಿಯುತ್ತಾ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಕರ್ನಾಟಕದ ಅಕ್ಷಾಂಶದಲ್ಲಿ ಈ ಸರಿತ ಸುಮಾರು 48 ಡಿಗ್ರಿ. ಉತ್ತರಕ್ಕೆ ಹೋದಂತೆ ಅದು ಹಿಗ್ಗುತ್ತದೆ. ನೇಬ್ರಾ ಇರುವ ಅಕ್ಷಾಂಶದಲ್ಲಿ ಅದು 82 ಡಿಗ್ರಿಗಳಷ್ಟಾಗುತ್ತದೆ. ಅಂದರೆ ಕಮಾನುಗಳನ್ನು ಕೂರಿಸಿದವರು ಆ ಸೀಮೆಯ ಆಕಾಶವನ್ನೇ ಅಳೆದು ಕೂರಿಸಿದ್ದರು. ತನ್ನ ಊರಿನ ವಿಳಾಸವನ್ನು ಫಲಕ ತನ್ನ ಅಂಚಿನಲ್ಲೇ ಹೊತ್ತಿದೆ.

ಆಮೇಲೆ ಕೆಳಭಾಗದಲ್ಲಿ ದೋಣಿಯಂತೆ ಕಾಣುವ ಇನ್ನೊಂದು ಚಿನ್ನದ ಪಟ್ಟಿ ಸೇರಿತು. ಇನ್ನೂ ಮುಂದೆ ಯಾವುದಕ್ಕೋ ಕಟ್ಟಲು ಅಥವಾ ಹೊಲಿಯಲು ಎಂಬಂತೆ ಅಂಚಿನ ಸುತ್ತ ಸಾಲಾಗಿ ರಂಧ್ರಗಳನ್ನು ಕೊರೆದರು. ರಂಧ್ರ ಕೊರೆದವರು ಚಿನ್ನದ ಕಮಾನುಗಳನ್ನೂ ಲೆಕ್ಕಿಸಲಿಲ್ಲ. ಕೊನೆಗೆ ಹೂಳುವ ಹೊತ್ತಿಗೆ ಒಂದು ಕಮಾನು ಇರಲೇ ಇಲ್ಲ. ಒಂದೇ ವಸ್ತುವಿನಲ್ಲಿ ಹಲವು ತಲೆಮಾರುಗಳ ಕೈವಾಡ, ಬದಲಾದ ನಂಬಿಕೆ, ಬದಲಾದ ಬಳಕೆ ಹೀಗೆ ಪದರಪದರವಾಗಿ ಉಳಿದಿವೆ.

ಇದು ಪಂಚಾಂಗಕ್ಕೆ ಸಂಬಂಧಿಸಿದ ಸಾಧನವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಚಾಂದ್ರಮಾನದ ವರ್ಷಕ್ಕೆ 354 ದಿನ, ಸೌರಮಾನದ ವರ್ಷಕ್ಕೆ 365 ದಿನ. ಈ ಅಂತರವನ್ನು ತುಂಬಲು ನಾವು ಅಧಿಕಮಾಸವನ್ನು ಇಟ್ಟುಕೊಂಡಿದ್ದೇವೆ. ವಸಂತಕಾಲದಲ್ಲಿ ಕೃತ್ತಿಕೆಯ ಬಳಿ ಕಾಣುವ ಚಂದ್ರಕಲೆಯು ಬಿದಿಗೆಯ ಚಂದ್ರನಂತೆ ತೆಳುವಾಗಿರದೆ ನಾಲ್ಕೈದು ದಿನಗಳಷ್ಟು ಬೆಳೆದಿದ್ದರೆ ಆ ವರ್ಷ ಒಂದು ತಿಂಗಳನ್ನು ಸೇರಿಸಬೇಕೆಂಬ ನಿಯಮ ಬ್ಯಾಬಿಲೋನಿಯದ ಮುಲ್ ಅಪಿನ್ ಎಂಬ ಖಗೋಳ ಗ್ರಂಥದಲ್ಲಿದೆ. ಫಲಕದ ಮೇಲಿನ ಚಂದ್ರಕಲೆಯೂ ಅಷ್ಟೇ ದಪ್ಪನಾಗಿದೆ. ಇದು ಊಹೆ, ಎಲ್ಲರೂ ಒಪ್ಪಿದ ಸಿದ್ಧಾಂತವಲ್ಲ. ಆದರೂ ಅಧಿಕಮಾಸದ ಲೆಕ್ಕ ಬಲ್ಲ ನಮಗೆ ಈ ಊಹೆ ಅಪರಿಚಿತವೆನಿಸದು.

ಮಣ್ಣು ನುಡಿದ ಸಾಕ್ಷ್ಯ

ವಸ್ತುವಿನ ಸ್ಥಳವನ್ನೂ ಉದ್ದೇಶವನ್ನೂ ಇಷ್ಟು ಮಟ್ಟಿಗೆ ವಸ್ತುವೇ ಹೇಳಿತು. ಆದರೆ ಕಾಲ? ಚಿನ್ನವಾಗಲಿ ಕಂಚಾಗಲಿ ತಾನು ಯಾವ ಶತಮಾನದಲ್ಲಿ ರೂಪುಗೊಂಡೆನೆಂದು ನೇರವಾಗಿ ಹೇಳುವುದಿಲ್ಲ. ಫಲಕದ ಮೇಲೆ ಲಿಪಿಯೂ ಇಲ್ಲ. ಇಂಥ ಇನ್ನೊಂದು ಫಲಕ ಲೋಕದಲ್ಲಿ ಎಲ್ಲಿಯೂ ಸಿಕ್ಕಿಲ್ಲವಾದುದರಿಂದ ಹೋಲಿಸಿ ನೋಡುವುದಕ್ಕೂ ಆಗದು.

ಕಾಲನಿರ್ಣಯಕ್ಕೆ ನೆರವಾದವು ಫಲಕದ ಜೊತೆಯಲ್ಲಿದ್ದ ಇತರ ವಸ್ತುಗಳು. ಖಡ್ಗಗಳ ಶೈಲಿಯನ್ನು ಹಂಗೇರಿ, ರೊಮೇನಿಯಾಗಳಲ್ಲಿ ಮೊದಲೇ ದೊರೆತಿದ್ದ ಖಡ್ಗಗಳೊಡನೆ ಹೋಲಿಸಬಹುದಾಗಿತ್ತು. ಒಂದು ಖಡ್ಗದ ಹಿಡಿಯಲ್ಲಿ ಭೂರ್ಜವೃಕ್ಷದ ತೊಗಟೆಯ ಚೂರು ಉಳಿದಿತ್ತು. ನಮ್ಮ ಹಿರಿಯರು ಬರೆಯಲು ಬಳಸುತ್ತಿದ್ದ ಭೂರ್ಜಪತ್ರದ ಜಾತಿಗೇ ಸೇರಿದ ಮರ ಅದು. ಇಂಗಾಲದ ಕಾಲಗಣನೆಯಿಂದ ಆ ತೊಗಟೆ ಸುಮಾರು ಕ್ರಿ.ಪೂ. 1600ರದೆಂದು ತಿಳಿಯಿತು. ತೊಗಟೆ ಹಿಡಿಯ ಕಾಲವನ್ನು ಹೇಳಿತು, ಹಿಡಿ ಖಡ್ಗದ ಕಾಲವನ್ನು ಹೇಳಿತು, ಖಡ್ಗ ಫಲಕದ ಕಾಲವನ್ನು ಹೇಳಿತು. ಹೀಗೆ ಸುಮಾರು 3600 ವರ್ಷಗಳ ಹಿಂದೆ ಇವನ್ನು ಒಟ್ಟಿಗೆ ಹೂಳಲಾಯಿತೆಂದೂ, ಫಲಕ ಅದಕ್ಕಿಂತ ಇನ್ನಷ್ಟು ಹಿಂದೆ ತಯಾರಾಗಿರಬೇಕೆಂದೂ ನಿರ್ಧರಿಸಲಾಯಿತು.

ಇದು ನಕಲಿ ವಸ್ತುವೇ ಎಂಬ ಪ್ರಶ್ನೆಯೂ ಎದ್ದಿತು. ವಿದ್ವಾಂಸರೊಬ್ಬರು ಇಂಥ ಕಿಲುಬನ್ನು ಆಮ್ಲ ಮೊದಲಾದವುಗಳಿಂದ ಇತ್ತೀಚೆಗೆ ಹುಟ್ಟಿಸಿರಬಹುದೆಂದು ವಾದಿಸಿದರು. ಪರೀಕ್ಷಕರು ಉತ್ತರ ಕೊಟ್ಟರು. ಫಲಕದ ಮೇಲಿನ ಹಸಿರು ಕಿಲುಬಿನ ಹರಳುಗಳು ದಪ್ಪನಾದವು. ಅಷ್ಟು ದೊಡ್ಡದಾಗಿ ಬೆಳೆಯಲು ದೀರ್ಘಕಾಲ ಬೇಕು. ಹೊಸದಾಗಿ ಕರಗಿಸಿದ ಲೋಹದಲ್ಲಿ ಕಾಣಬರುವ ಸೀಸದ ಒಂದು ವಿಕಿರಣಶೀಲ ರೂಪವೂ ಇದರಲ್ಲಿ ಕಾಣಲಿಲ್ಲ. ಆ ರೂಪ ಸುಮಾರು 22 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುವುದರಿಂದ, ಅದು ಇಲ್ಲದ ಲೋಹ ಕನಿಷ್ಠ ನೂರು ವರ್ಷಗಳಷ್ಟಾದರೂ ಹಳೆಯದಾಗಿರಲೇಬೇಕು. ತಾಮ್ರವು ಆಸ್ಟ್ರಿಯಾದ ಮಿಟ್ಟರ್‌ಬೆರ್ಗ್ ಗಣಿಗಳದೆಂದೂ, ಚಿನ್ನ ಮತ್ತು ತವರ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವೆಂದೂ ಲೋಹವಿಜ್ಞಾನಿ ಎರ್ನ್‌ಸ್ಟ್ ಪೆರ್ನಿಕಾ ಮತ್ತು ಅವರ ಸಂಗಡಿಗರ ಪರೀಕ್ಷೆಗಳು ತಿಳಿಸಿದವು. ಆ ಕಾಲದಲ್ಲೇ ಲೋಹದ ವ್ಯಾಪಾರ ಅಷ್ಟು ದೂರ ಹಬ್ಬಿತ್ತೆಂಬುದು ವ್ಯಾಪಾರದ ಇತಿಹಾಸದಲ್ಲಿ ಆಸಕ್ತಿಯಿರುವವರು ನೆನಪಿಡಬೇಕಾದ ಸಂಗತಿ.

ಎಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ನುಡಿದದ್ದು ಮಣ್ಣು. ವಸ್ತುಗಳಿಗೆ ಅಂಟಿಕೊಂಡಿದ್ದ ಮಣ್ಣಿನ ಕಣಗಳನ್ನು ಮಿಟ್ಟೆಲ್‌ಬೆರ್ಗ್ ಗುಡ್ಡದ ಗುಂಡಿಯ ಮಣ್ಣಿನೊಡನೆ ಹೋಲಿಸಲಾಯಿತು, ಅವು ಹೊಂದಿದವು. ಕಳ್ಳಸಂತೆಯವರು ತೊಳೆಯದೆ ಬಿಟ್ಟ ಆ ಚಿಟಿಕೆ ಮಣ್ಣು ನ್ಯಾಯಾಲಯದಲ್ಲೂ ವಿದ್ವತ್ಸಭೆಯಲ್ಲೂ ಸಾಕ್ಷಿಯಾಗಿ ನಿಂತಿತು.

ಉಳಿದ ಸಂಶಯ

ಇಷ್ಟಾದರೂ ಪ್ರಕರಣ ಮುಗಿಯಲಿಲ್ಲ. 2020ರಲ್ಲಿ ರೂಪರ್ಟ್ ಗೆಬ್‌ಹಾರ್ಡ್ ಮತ್ತು ರ‍್ಯೂಡಿಗರ್ ಕ್ರೌಸೆ ಎಂಬ ಇಬ್ಬರು ಪುರಾತತ್ತ್ವಜ್ಞರು ಹೊಸ ಆಕ್ಷೇಪವನ್ನು ಮುಂದಿಟ್ಟರು. ಫಲಕವೂ ಖಡ್ಗಗಳೂ ಒಂದೇ ಗುಂಡಿಯಲ್ಲಿ ಒಟ್ಟಿಗೆ ಸಿಕ್ಕವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ, ಆದುದರಿಂದ ಫಲಕವನ್ನು ಪ್ರತ್ಯೇಕವಾಗಿಯೇ ವಿಚಾರಿಸಬೇಕು, ಹಾಗೆ ವಿಚಾರಿಸಿದರೆ ಅದು ಸುಮಾರು ಸಾವಿರ ವರ್ಷಗಳಷ್ಟು ಈಚಿನ ಕಬ್ಬಿಣದ ಯುಗಕ್ಕೆ ಸೇರುತ್ತದೆ ಎಂಬುದು ಅವರ ವಾದ. ಪೆರ್ನಿಕಾ, ಮೆಲ್ಲರ್ ಮೊದಲಾದವರು ಅದೇ ವರ್ಷ ಇದಕ್ಕೆ ವಿಸ್ತೃತವಾದ ಪ್ರತ್ಯುತ್ತರವನ್ನು ಪ್ರಕಟಿಸಿದರು. ಮಣ್ಣಿನ ಹೋಲಿಕೆ, ಲೋಹದ ಹೋಲಿಕೆ, ಅಗೆದವರ ಹೇಳಿಕೆ ಇವೆಲ್ಲವೂ ಒಂದೇ ದಿಕ್ಕನ್ನು ತೋರಿಸುತ್ತವೆಂದು ಅವರು ಪ್ರತಿಪಾದಿಸಿದರು. ಬಹುಮಂದಿ ವಿದ್ವಾಂಸರು ಕ್ರಿ.ಪೂ. 1600ರ ಕಾಲವನ್ನೇ ಒಪ್ಪಿದ್ದಾರೆ.

ಆದರೆ ಈ ವಾದ ಹುಟ್ಟಿದ್ದೇ ಏಕೆ ಎಂಬುದನ್ನು ವಾಚಕರು ಯೋಚಿಸಬೇಕು. ತೊಗಟೆಯಿಂದ ಖಡ್ಗಕ್ಕೆ, ಖಡ್ಗದಿಂದ ಫಲಕಕ್ಕೆ ಹೋದ ಸರಪಳಿಯ ಕೊನೆಯ ಕೊಂಡಿ ‘ಇವು ಒಟ್ಟಿಗೆ ಇದ್ದವು’ ಎಂಬ ಮಾತು. ಆ ಮಾತಿಗೆ ಪ್ರತ್ಯಕ್ಷ ಸಾಕ್ಷಿಗಳು ಅಗೆದ ಇಬ್ಬರು ಮಾತ್ರ. ಪುರಾತತ್ತ್ವಜ್ಞರೇ ಅಗೆದಿದ್ದರೆ ಒಂದು ಛಾಯಾಚಿತ್ರ, ಒಂದು ಅಳತೆಯ ನಕ್ಷೆ ಈ ಪ್ರಶ್ನೆಯನ್ನು ಅಂದೇ ಮುಗಿಸುತ್ತಿತ್ತು. ಕೆಲವು ನಿಮಿಷಗಳ ಆತುರ ಇಪ್ಪತ್ತು ವರ್ಷಗಳ ವಿವಾದವನ್ನು ಹುಟ್ಟಿಸಿತು. ಫಲಕ ಹಿಂದಿರುಗಿತು, ವೋಚರು ಮಾತ್ರ ಪೂರ್ತಿಯಾಗಿ ಹಿಂದಿರುಗಲಿಲ್ಲ.

ಹೋಲಿಕೆಗೆ ಇಂಗ್ಲೆಂಡಿನ ಒಂದು ಉದಾಹರಣೆಯನ್ನು ನೋಡಬಹುದು. ಅಲ್ಲಿ ಜಮೀನಿನ ಒಡೆಯನ ಒಪ್ಪಿಗೆ ಪಡೆದು ಯಂತ್ರದಿಂದ ಹುಡುಕಲು ಅವಕಾಶವಿದೆ. ಆದರೆ 1996ರ ನಿಧಿ ಕಾನೂನಿನಂತೆ ನಿಧಿ ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಲೇಬೇಕು. 2009ರಲ್ಲಿ ಸ್ಟಾಫರ್ಡ್‌ಶೈರ್ ಸೀಮೆಯ ಹೊಲದಲ್ಲಿ ಹವ್ಯಾಸಿಯೊಬ್ಬನಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ವಸ್ತುಗಳು ಸಿಕ್ಕವು. ಆತ ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ತ್ವಜ್ಞರು ಬಂದು ಕ್ರಮವಾಗಿ ಅಗೆದರು. ಸುಮಾರು 4 ಕಿಲೋ ಚಿನ್ನದ ಸಾವಿರಾರು ತುಣುಕುಗಳು ದೊರೆತವು. ನಿಧಿಗೆ ಕಟ್ಟಿದ 32,85,000 ಪೌಂಡುಗಳ ಬೆಲೆಯನ್ನು ಕಂಡುಹಿಡಿದವನಿಗೂ ಜಮೀನಿನ ಒಡೆಯನಿಗೂ ಹಂಚಲಾಯಿತು. ನೇಬ್ರಾದಲ್ಲಿ ಅಗೆದವರಿಗೆ ದೊರೆತದ್ದು 31,000 ಮಾರ್ಕುಗಳು ಮತ್ತು ಶಿಕ್ಷೆ. ಕೇವಲ ಲಾಭನಷ್ಟದ ಲೆಕ್ಕ ಹಿಡಿದರೂ ಪ್ರಾಮಾಣಿಕತೆ ನಷ್ಟದ ಬಾಬಲ್ಲ.

ಕೊಳ್ಳುವವರ ಹೊಣೆ

ಆದರೆ ಧರ್ಮದ ಲೆಕ್ಕ ಲಾಭನಷ್ಟದಲ್ಲಿ ನಿಲ್ಲುವುದಿಲ್ಲ. ಪರರು ಇರಿಸಿ ಹೋದ, ಕಳೆದುಕೊಂಡ ಅಥವಾ ಮರೆತ ವಸ್ತುವನ್ನೂ ಕೊಡದೆ ತೆಗೆದುಕೊಳ್ಳಲಾಗದು ಎಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ನಿಲುವು. ಹೂತಿಟ್ಟವರು ಸತ್ತು ಸಾವಿರಾರು ವರ್ಷಗಳಾದ ಮಾತ್ರಕ್ಕೆ ನಿಧಿ ಅನಾಥವಾಗದು. ಅದು ಸಮಸ್ತ ಸಮಾಜದ ಸ್ವತ್ತಾಗುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ತದಾಹೃತಾದಾನ’ವನ್ನೂ ಎಣಿಸಿದೆ. ಅಂದರೆ ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು. ಕದ್ದವನಷ್ಟೇ ಅಲ್ಲ, ‘ಇದು ಎಲ್ಲಿಂದ ಬಂತು’ ಎಂದು ಕೇಳದೆ ಹಣ ಎಣಿಸಿದವನೂ ವ್ರತವನ್ನು ಮಲಿನಗೊಳಿಸುತ್ತಾನೆ. ನೇಬ್ರಾದ ಫಲಕವನ್ನು ಅಗೆದವರು ಇಬ್ಬರು. ಆದರೆ ಮರುದಿನ ಕೊಳ್ಳುವವನೊಬ್ಬ ಸಿದ್ಧನಿದ್ದುದರಿಂದಲೇ ಅವರ ಕೆಲಸಕ್ಕೆ ಅರ್ಥ ಬಂದಿತು. ಬಿಲ್ಲಿಲ್ಲದ ಸರಕನ್ನು ಅಂಗಡಿಯೊಳಗೆ ಇಳಿಸಿಕೊಳ್ಳದ ವ್ಯಾಪಾರಿಯ ನಿಯಮ ಪುರಾವಸ್ತುಗಳಿಗೂ ಸಲ್ಲಬೇಕು.

ನಮ್ಮ ಬಸದಿಗಳ ಮಾತು

ಬಸದಿಯ ಜೀರ್ಣೋದ್ಧಾರಕ್ಕೆ ಪಾಯ ತೆಗೆಯುವಾಗ, ಬಾವಿಯ ಹೂಳೆತ್ತುವಾಗ ಕಂಚಿನ ಜಿನಬಿಂಬವೋ, ಪ್ರಭಾವಳಿಯ ತುಂಡೋ, ಗಂಟೆಯೋ ದೊರೆಯುವುದು ನಮ್ಮಲ್ಲಿಯೂ ಅಸಂಭವವಲ್ಲ. ಆಗ ಟ್ರಸ್ಟಿನವರು ಮೊದಲು ಮಾಡಬೇಕಾದದ್ದು ಅಗೆತವನ್ನು ನಿಲ್ಲಿಸುವುದು. ವಸ್ತುವನ್ನು ಎತ್ತುವ ಮುಂಚೆ ಇದ್ದ ಸ್ಥಿತಿಯಲ್ಲೇ ಛಾಯಾಚಿತ್ರ ತೆಗೆಸಬೇಕು. ಆಳ, ದಿಕ್ಕು, ಜೊತೆಯಲ್ಲಿದ್ದ ಮಡಕೆ ಚೂರು, ಇಟ್ಟಿಗೆ, ಇದ್ದಿಲು ಇವನ್ನೆಲ್ಲ ಬರೆದಿಡಬೇಕು. ಭಕ್ತಿಯ ಭರದಲ್ಲಿ ಹುಣಸೆಹುಳಿ, ಬೂದಿಗಳಿಂದ ತಿಕ್ಕಿ ಹೊಳಪು ತರುವುದಾಗಲಿ, ಆ ಕ್ಷಣವೇ ಅಭಿಷೇಕ ಮಾಡುವುದಾಗಲಿ ಸಲ್ಲದು. ಪೀಠದ ಹಿಂಬದಿಯ ಸಣ್ಣ ಬರಹ, ಲಾಂಛನದ ನಸುಗೆರೆ, ಅಂಟಿದ ಮಣ್ಣು ಇವು ಒಮ್ಮೆ ಅಳಿದರೆ ಯಾವ ತೀರ್ಥಂಕರರ ಬಿಂಬ, ಯಾರು ಮಾಡಿಸಿದ್ದು, ಯಾವ ಕಾಲದ್ದು ಎಂದು ಹೇಳುವ ದಾರಿಯೇ ಮುಚ್ಚಬಹುದು.

ಕೂಡಲೇ ಜಿಲ್ಲಾಡಳಿತಕ್ಕೂ ಪುರಾತತ್ತ್ವ ಇಲಾಖೆಗೂ ಲಿಖಿತವಾಗಿ ತಿಳಿಸಬೇಕು. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಬಂದಿತು. 1972ರ ಪುರಾವಸ್ತು ಕಾನೂನು ನೂರು ವರ್ಷಕ್ಕೆ ಮೀರಿದ ಶಿಲ್ಪ ಮತ್ತು ಲೋಹದ ವಸ್ತುಗಳನ್ನು ತನ್ನ ವ್ಯಾಪ್ತಿಗೆ ತಂದು, ಪರವಾನಗಿಯಿಲ್ಲದ ವ್ಯಾಪಾರವನ್ನೂ ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನೂ ನಿಷೇಧಿಸಿದೆ. ತಿಳಿಸಿದರೆ ಬಿಂಬ ಕೈತಪ್ಪೀತೆಂಬ ಭಯ ಕೆಲವರಿಗಿದೆ. ಮುಚ್ಚಿಟ್ಟ ಬಿಂಬ ಕಳುವಾದರೆ ಅದು ನಮ್ಮದೆಂದು ಸಾಧಿಸಲು ಯಾವ ಕಾಗದವೂ ಇರುವುದಿಲ್ಲವೆಂಬುದನ್ನು ಅವರು ಮರೆಯಬಾರದು. ಬಸದಿಯಲ್ಲಿ ಈಗಾಗಲೇ ಇರುವ ಬಿಂಬಗಳಿಗೂ ಅಳತೆ, ತೂಕ, ಬರಹ, ಛಾಯಾಚಿತ್ರಗಳುಳ್ಳ ಒಂದು ದಾಖಲೆ ಪುಸ್ತಕವನ್ನು ಪ್ರತಿಯೊಂದು ಟ್ರಸ್ಟೂ ಇಡುವುದು ಉಚಿತ. ಹಣದ ಲೆಕ್ಕಕ್ಕೆ ತೋರುವ ಶ್ರದ್ಧೆಯ ಹತ್ತನೆಯ ಒಂದು ಪಾಲು ಇದಕ್ಕೆ ಸಾಕು.

ನೇಬ್ರಾದ ಫಲಕ ಇಂದು ಹಾಲೆ ನಗರದ ಪ್ರಾಗಿತಿಹಾಸ ಸಂಗ್ರಹಾಲಯದಲ್ಲಿದೆ. 2013ರಲ್ಲಿ ಯುನೆಸ್ಕೋ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಲಿಪಿಯಿಲ್ಲದ ಜನ ಆಕಾಶವನ್ನು ಹೇಗೆ ಓದಿದರೆಂಬುದನ್ನು ಅದು ಲೋಕಕ್ಕೆ ತೋರಿಸುತ್ತಿದೆ. ಅದರ ಅಂಚಿನ ಮೇಲಿರುವ ಹೊಸ ಗಾಯವೂ ಒಂದು ಪಾಠವನ್ನು ಹೇಳುತ್ತಿದೆ. ಹಿರಿಯರು ನೆಲಕ್ಕೆ ಒಪ್ಪಿಸಿದ್ದನ್ನು ನೆಲ ನಮಗೆ ಮರಳಿಸುವಾಗ, ತೆಗೆದುಕೊಳ್ಳುವ ಕೈ ನಿಧಾನವಾಗಿರಲಿ, ಶುದ್ಧವಾಗಿರಲಿ.